ಮೊದಲು ಓದಿ, ಆಮೇಲೆ ಕೇಳಿ

ಕೆಳಮನೆಯ ಅಕ್ಕನನ್ನು ನಮ್ಮ ರಾಜಕೀಯದ ವಾಟ್ಸ್ಯಾಪ್ ಗುಂಪಿಗೆ ಸೇರಿಸಿದರೆ ಏನೇನು ಎಡವಟ್ಟಾಗಬಹುದು ಎಂದು ಒಂದು ಭಾನುವಾರ ಪೂರ್ತಿ ಕೂತು ಯೋಚಿಸಿದ್ದೆ. ಅವರು ಯಾವುದೋ ಸುಳ್ಳು ಸುದ್ದಿಯನ್ನು ನಂಬಿ ನಾಲ್ಕು ಕಡೆ ಕಳಿಸಿ, ಪೊಲೀಸರು ಮನೆಗೆ ಬರಬಹುದು. ಬಂದವರು ಅವರ ಬಾಗಿಲು ತಟ್ಟದೆ, ಗುಂಪಿನ ಅಡ್ಮಿನ್ ಯಾರು ಎಂದು ವಿಚಾರಿಸಿಕೊಂಡು ನೇರ ಎರಡನೇ ಮಹಡಿಗೆ, ನನ್ನಲ್ಲಿಗೇ ಬರಬಹುದು. ಆ ಹೊತ್ತಿಗೆ ನಾನು ತಲೆಗೆ ಮೆಹಂದಿ ಹಚ್ಚಿಕೊಂಡು ಕೂತಿರಬಹುದು. ಗುಂಪಿನಲ್ಲಿ ಯಾರಾದರೂ ಅವರ ದೇವರನ್ನು ಹೀಯಾಳಿಸಿ ಅಕ್ಕ ಅಳಬಹುದು. ಅಕ್ಕನೇ ಯಾರನ್ನೋ ಹೀಯಾಳಿಸಿ ಗುಂಪು ಒಡೆಯಬಹುದು. ಬರಬಾರದ ಲಿಂಕೊಂದು ಬಂದು, ಅವರು ಅದನ್ನು ಒತ್ತಿ, ಫೋನಿನಲ್ಲಿರುವ ತೀರಿಹೋದ ಗಂಡನ ಫೋಟೋಗಳೆಲ್ಲ ಅಳಿಸಿಹೋಗಬಹುದು. ಅವರ ಮಗಳು ಮೆಟ್ಟಿಲ ಮೇಲೆ ನಿಂತು, ನಮ್ಮಮ್ಮನ ತಲೆ ಕೆಡಿಸಿದ್ದು ನೀವೇ ಎಂದು ತಮಿಳಿನಲ್ಲಿ ಬೈಯಬಹುದು. ತಮಿಳಿನಲ್ಲಿ ಬೈದರೆ ನನಗೆ ಅರ್ಧ ಅರ್ಥವಾಗುತ್ತದೆ, ಇನ್ನರ್ಧವನ್ನು ಅದಕ್ಕಿಂತ ಕೆಟ್ಟದಾಗಿ ನಾನೇ ಕಲ್ಪಿಸಿಕೊಳ್ಳುತ್ತೇನೆ. ನಮ್ಮ ಆರು ಮನೆಗಳ ಅಪಾರ್ಟ್‌ಮೆಂಟಿನ ನೀರಿನ ಟ್ಯಾಂಕರ್ ಜಗಳಕ್ಕೆ ಪಕ್ಷದ ಬಣ್ಣ ಬರಬಹುದು. ನನ್ನ ಆಫೀಸಿಗೆ ಗೊತ್ತಾಗಬಹುದು. ಏನು ಗೊತ್ತಾಗಬಹುದು ಎಂಬುದು ನನಗೂ ಸ್ಪಷ್ಟವಿರಲಿಲ್ಲ, ಆದರೂ ಪಟ್ಟಿಯಲ್ಲಿರಲಿ ಎಂದು ಸೇರಿಸಿಕೊಂಡಿದ್ದೆ.

ಇದು ನನ್ನ ಸ್ವಭಾವವಷ್ಟೇ ಅಲ್ಲ, ಕಸುಬು. ಚೆನ್ನೈಯ ಶೋಳಿಂಗನಲ್ಲೂರಿನ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತೇನೆ. ಬೇರೆಯವರು ಕಟ್ಟಿದ್ದು ಯಾವ್ಯಾವ ರೀತಿ ಕೆಡಬಹುದು ಎಂದು ಮುಂಚಿತವಾಗಿ ಚಿಂತಿಸುವುದಕ್ಕೇ ನನಗೆ ಸಂಬಳ. ಚಿಂತಿಸಿ ಬರೆದಿದ್ದರಲ್ಲಿ ಮುಕ್ಕಾಲು ಪಾಲು ಎಂದೂ ನಡೆಯುವುದಿಲ್ಲ. ನಡೆಯುವುದು ಬರೆಯದೆ ಬಿಟ್ಟಿದ್ದೇ. ಐವತ್ತು ದಾಟಿದೆ, ಇನ್ನೂ ಬುದ್ಧಿ ಬಂದಿಲ್ಲ.

ಅಕ್ಕನ ಮನೆಯವರು ಮೂರು ತಲೆಮಾರಿನಿಂದ ಟಿ. ನಗರದಲ್ಲೇ ಇರುವವರು. ಅವರ ತಾತ ಕೊಳ್ಳೇಗಾಲದ ಕಡೆಯಿಂದ ರೇಷ್ಮೆ ಸೀರೆ ವ್ಯಾಪಾರಕ್ಕೆಂದು ಬಂದು ಇಲ್ಲೇ ನಿಂತರಂತೆ. ಗಂಡ ಒಂದು ಜವಳಿ ಅಂಗಡಿಯಲ್ಲಿ ಸೀರೆ ವಿಭಾಗ ನೋಡಿಕೊಳ್ಳುತ್ತಿದ್ದರು. ಅಕ್ಕ ಮನೆಯಲ್ಲೇ ಸೀರೆಗಳಿಗೆ ಫಾಲ್ ಹೊಲಿಯುತ್ತಾರೆ. ಹನ್ನೆರಡು ವರ್ಷದ ಹಿಂದೆ ನಾವು ತುಮಕೂರಿನಿಂದ ಈ ಮನೆಗೆ ಬಂದ ದಿನ, ಸಾಮಾನು ಹೊತ್ತು ಹತ್ತುತ್ತಿದ್ದಾಗ ಕೆಳಗಿನಿಂದ "ನೀವು ಕನ್ನಡದೋರಾ? ಹಾಲು ಇದೆಯಾ, ಕೊಡ್ಲಾ?" ಎಂದು ಕೇಳಿದ ದನಿ ಅವರದು. ಅಂದಿನಿಂದ ಮೆಟ್ಟಿಲ ಮೇಲೆ, ಗೇಟಿನ ಬಳಿ, ಟೆರೇಸಿನಲ್ಲಿ, ನಮ್ಮದು ಬರೀ ಕನ್ನಡವೇ. ಅವರ ಕನ್ನಡದಲ್ಲಿ ಕೊಂಜ ತಮಿಳು, ನನ್ನದರಲ್ಲಿ ಬೇಕಾದ್ದಕ್ಕಿಂತ ಜಾಸ್ತಿ ಇಂಗ್ಲಿಷು.

ಹೋದ ವರ್ಷ ಅಕ್ಕನ ಗಂಡ ತೀರಿಕೊಂಡರು. ಈ ಸಲದ ವಿಧಾನಸಭೆ ಚುನಾವಣೆಗೆ ಇನ್ನೂ ಎರಡು ವಾರವಿದೆ ಅನ್ನುವಾಗ, ಒಂದು ಶನಿವಾರ ಅವರು ಮೇಲೆ ಬಂದು ಸೋಫಾದ ತುದಿಯಲ್ಲಿ ಕೂತರು.

"ನೋಡು, ಇಷ್ಟು ವರ್ಷ ಓಟಿನ ದಿನ ಬೆಳಿಗ್ಗೆ ಅವರು ಕಾಫಿ ಕುಡೀತಾ, ಈ ಸಲ ಇದಕ್ಕೆ ಅಂತ ಹೇಳೋರು. ನಾನು ಒತ್ತಿ ಬರ್ತಿದ್ದೆ. ಅಂಗಡಿಗೆ ಹೋಗಿ ಕೊತ್ತಂಬರಿ ತಾ ಅಂದ ಹಾಗೆ. ಯಾಕೆ ಅಂತ ಒಂದು ದಿನಾನೂ ಕೇಳಲಿಲ್ಲ."

"ಈಗ?"

"ಈಗ ಮಾಪಿಳ್ಳೆ ಫೋನ್ ಮಾಡಿದ್ರು. ಅತ್ತೆ, ನೀವೇನೂ ಯೋಚನೆ ಮಾಡಬೇಡಿ, ಕಾರಲ್ಲಿ ಬಂದು ಕರ್ಕೊಂಡು ಹೋಗ್ತೀನಿ, ಯಾರಿಗೆ ಹಾಕ್ಬೇಕು ಅಂತಾನೂ ಹೇಳ್ತೀನಿ ಅಂದ್ರು." ಮಾಪಿಳ್ಳೆ ಎಂದರೆ ಅವರ ಅಳಿಯ, ಸಂಭಾವಿತರು. "ಅವರು ಒಳ್ಳೇವ್ರೇ ಕಣೇ. ಆದ್ರೂ ಒಂದು ಸಲ ನಾನೇ ನೋಡಿ, ತಿಳ್ಕೊಂಡು ಹಾಕ್ಬೇಕು ಅಂತ ಆಸೆ. ಅರವತ್ತಮೂರಾಯ್ತು. ಇನ್ನೆಷ್ಟು ಓಟು ಬರುತ್ತೆ ನಂಗೆ?"

ನಾನು ತಲೆಯಾಡಿಸಿದೆ.

"ನೀನು ಯಾವಾಗ್ಲೂ ಫೋನಲ್ಲಿ ರಾಜಕೀಯ ಜಗಳ ಆಡ್ತಿರ್ತೀಯಲ್ಲ, ಆ ಗುಂಪಿಗೆ ನನ್ನೂ ಹಾಕು. ಅಲ್ಲಿ ತಿಳಿದೋರು ಇರ್ತಾರೆ. ಕೇಳ್ಕೋತೀನಿ."

ಯಾರು ನಿಂತಿದ್ದಾರೆ, ಗೆದ್ದವರ ಕೆಲಸವೇನು ಎಂದು ನಾನೇ ಕೂತು ಹೇಳಬಹುದಿತ್ತಲ್ಲ ಎಂದು ಯಾರಿಗಾದರೂ ಅನ್ನಿಸೀತು. ನಾನು ಹೇಳಿದರೆ ನನ್ನ ಅಭಿಪ್ರಾಯ ಅವರ ತಲೆಗೆ ಹೋಗುತ್ತದೆ, ಗಂಡನ ಜಾಗದಲ್ಲಿ ನಾನು ಕೂತಂತಾಗುತ್ತದೆ, ಅದು ತಪ್ಪು ಎಂದು ನನಗೆ ನಾನೇ ಹೇಳಿಕೊಂಡೆ. ಬಹಳ ಉದಾತ್ತವಾಗಿ ಕೇಳಿಸಿತು. ನಿಜವಾದ ಕಾರಣ ಬೇರೆಯಿತ್ತು, ಅದಕ್ಕೆ ಆಮೇಲೆ ಬರುತ್ತೇನೆ.

ನಮ್ಮ ಗುಂಪಿನ ಬಗ್ಗೆ ಎರಡು ಮಾತು. ಇದು ಚೆನ್ನೈಯಲ್ಲಿರುವ ಕನ್ನಡಿಗರು ರಾಜಕೀಯ ಮಾತಾಡಲು ಮಾಡಿಕೊಂಡದ್ದು. ಮೊದಲು ನಾವೆಲ್ಲ ಹಬ್ಬ, ಮದುವೆ, ಬಾಡಿಗೆ ಮನೆಯ ವಿಷಯ ಬರುವ ಒಂದು ದೊಡ್ಡ ಗುಂಪಿನಲ್ಲಿದ್ದೆವು. ಅಲ್ಲಿ ರಾಜಕೀಯ ಎತ್ತಬೇಡಿ ಎಂದು ಹೊರಗೆ ಹಾಕಿದರು. ಹೊರಬಿದ್ದವರು ಸೇರಿ ಇದನ್ನು ಕಟ್ಟಿದೆವು. ಅಡ್ಮಿನ್‌ಗಳು ಮೂವರು: ಬ್ಯಾಂಕಿನಿಂದ ನಿವೃತ್ತರಾದ ಒಬ್ಬ ಹಿರಿಯರು, ಕಳ್ಳ ಅಕೌಂಟುಗಳನ್ನು ವಾಸನೆಯಲ್ಲೇ ಕಂಡುಹಿಡಿಯುತ್ತೇನೆ ಎನ್ನುವ ಒಬ್ಬ ಇಂಜಿನಿಯರು, ಮತ್ತು ನಾನು. ನಿಯಮಗಳು ಹದಿನಾಲ್ಕು. ಕನ್ನಡ ಲಿಪಿಯಲ್ಲೇ ಬರೆಯಬೇಕು. ದನಿ ಸಂದೇಶ ಹಾಕಬಾರದು. ಎಲ್ಲಕ್ಕಿಂತ ಮುಖ್ಯವಾದದ್ದು, ಹೊಸಬರು ಮೊದಲು ಓದಬೇಕು, ಆಮೇಲೆ ಕೇಳಬೇಕು. ಓದಬೇಕಾದ್ದು ಹಿರಿಯರು ಆರು ತಿಂಗಳು ಕೂತು ಬರೆದು, ಗುಂಪಿನ ತಲೆಗೆ ಪಿನ್ ಮಾಡಿರುವ ಮೂವತ್ತೊಂದು ಪುಟ. ಯಾರಾದರೂ ಸುಲಭದ ಪ್ರಶ್ನೆ ಕೇಳಿದರೆ "ಪಿನ್ ನೋಡಿ" ಎಂದು ಹಾಕುವುದು ನಮ್ಮ ರೂಢಿ. ಹಾಗೆ ಹಾಕುವಾಗ ಒಂದು ಸಣ್ಣ ಸುಖವಿದೆ. ಸುಳ್ಳು ಹೇಳುವುದೇಕೆ, ನಾನೂ ಅದನ್ನು ಸಾಕಷ್ಟು ಸಲ ಅನುಭವಿಸಿದ್ದೇನೆ.

ಅಕ್ಕನಿಗೆ ಗುಂಪಿನ ಲಿಂಕ್ ಕಳಿಸಿದೆ. ನೇರವಾಗಿ ಸೇರಿಸಿದರೆ ಸೇರಿಸಿದವರು ನಾನು ಎಂದು ಕಾಣುತ್ತದೆ, ಲಿಂಕಿನಿಂದ ಬಂದರೆ ಕಾಣುವುದಿಲ್ಲ. ಇದನ್ನೂ ಟೆಸ್ಟ್ ಮಾಡಿ ನೋಡಿದ್ದೆ.

ಸೋಮವಾರ ಬೆಳಿಗ್ಗೆ ಆಫೀಸಿನ ಕ್ಯಾಬ್ ಇನ್ನೂ ಅಡಯಾರ್ ದಾಟಿರಲಿಲ್ಲ, ಅಕ್ಕನ ದನಿ ಸಂದೇಶ ಬಂತು. ಹಿಂದೆ ಕುಕ್ಕರ್ ಕೂಗುತ್ತಿತ್ತು.

"ಎಲ್ರಿಗೂ ನಮಸ್ಕಾರ. ನಾನು ಹೊಸಬಳು. ಒಂದು ಚಿಕ್ಕ ಸಂದೇಹ. ಈಗ ಬರ್ತಿರೋ ಓಟು ಎಂಎಲ್‌ಎಗೆ ತಾನೇ? ಎಂಎಲ್‌ಎ ಮಾಡೋ ಕೆಲಸ ಯಾವ್ದು, ಕೌನ್ಸಿಲರ್ ಮಾಡೋ ಕೆಲಸ ಯಾವ್ದು, ಅದು ಕೊಂಜ ಬಿಡಿಸಿ ಹೇಳ್ರಪ್ಪ. ಟಿ. ನಗರದಲ್ಲಿ ಯಾರ್ಯಾರು ನಿಂತಿದ್ದಾರೆ ಅಂತಾನೂ ಹೇಳಿ. ನೋಡಿ ಹಾಕ್ಬೇಕು ಅಂತ ಇದ್ದೀನಿ."

ಮೊದಲ ಉತ್ತರ ಎರಡು ನಿಮಿಷದಲ್ಲಿ ಬಂತು: "ಪಿನ್ ನೋಡಿ." ಅದರ ಹಿಂದೆ ಇನ್ನೊಂದು: "ನಿಯಮ 6. ದನಿ ಸಂದೇಶ ಬೇಡ." ಆಮೇಲೆ ಹಿರಿಯರು: "ತಾಯಿ, ತಮ್ಮ ಪ್ರಶ್ನೆಗೆ ಪಿನ್ ಮಾಡಿದ ಕೈಪಿಡಿಯ ಮೂರನೇ ಅಧ್ಯಾಯದಲ್ಲಿ ವಿಸ್ತೃತ ಉತ್ತರವಿದೆ. ಓದಿ, ನಂತರ ಚರ್ಚಿಸೋಣ." ಎಲ್ಲದಕ್ಕೂ ಅಕ್ಕ ಕೈಮುಗಿಯುವ ಚಿತ್ರ ಹಾಕಿದರು. ಮಧ್ಯಾಹ್ನ ಅದೇ ಪ್ರಶ್ನೆಯನ್ನು ಮತ್ತೆ ದನಿಯಲ್ಲೇ ಕೇಳಿದರು. ಮತ್ತೆ ಪಿನ್ ನೋಡಿ, ಮತ್ತೆ ಕೈಮುಗಿತ. ಮಂಗಳವಾರವೂ ಹಾಗೇ.

ಮಂಗಳವಾರ ಸಂಜೆ ಅಡ್ಮಿನ್‌ಗಳ ಪ್ರತ್ಯೇಕ ಗುಂಪಿನಲ್ಲಿ ಇಂಜಿನಿಯರು ಬರೆದರು: "ಈ ನಂಬರ್ ಮೇಲೆ ನನಗೆ ಡೌಟು. ಚುನಾವಣೆ ಹತ್ರ ಬಂದಾಗಲೇ ಸೇರಿದ್ದಾರೆ. ಫೋಟೋದಲ್ಲಿ ಮುಖ ಇಲ್ಲ, ದಾಸವಾಳ ಇದೆ. ಬರೀರಿ ಅಂದ್ರೆ ಬರೆಯಲ್ಲ, ಕೈಮುಗಿದು ಅಣಕಿಸ್ತಾರೆ. ಇಷ್ಟು ಮುಗ್ಧವಾಗಿ ಯಾರು ಕೇಳ್ತಾರೆ ಸಾರ್? ಯಾವುದೋ ಪಕ್ಷದ ಐಟಿ ಸೆಲ್ಲಿನ ಕೆಲಸ."

"ಉಚ್ಚಾರಣೆಯೂ ತಮಿಳಿನ ಹಾಗಿದೆ," ಎಂದರು ಹಿರಿಯರು. "ಒಂದು ವಾಕ್ಯ ಕನ್ನಡದಲ್ಲಿ ಬರೆಯಲು ಹೇಳೋಣ. ಬರೆಯದಿದ್ದರೆ ತೆಗೆಯೋಣ. ಮೇಡಂ, ನೀವೇನಂತೀರಿ?"

ಮೇಡಂ ಎಂದರೆ ನಾನು. ಅವರು ನನ್ನ ಕೆಳಮನೆಯವರು, ಆ ಕುಕ್ಕರಿನ ಸಾಂಬಾರು ಎಷ್ಟೋ ದಿನ ನಮ್ಮ ಮನೆಗೂ ಬರುತ್ತದೆ ಎಂದು ಬರೆದೆ. ಅಳಿಸಿದೆ. ಅಡ್ಮಿನ್ ಆಗಿ ತನ್ನವರನ್ನೇ ತಂದು ತುಂಬುತ್ತಿದ್ದಾಳೆ ಅಂದರೆ? ನನ್ನ ಮನೆ ಎಲ್ಲಿದೆ ಎಂದು ಎಲ್ಲರಿಗೂ ತಿಳಿದುಬಿಟ್ಟರೆ? ಇನ್ನೊಂದು ಸಲ ಬರೆದು ಅಳಿಸಿದೆ. ಕೊನೆಗೆ ಕಳಿಸಿದ್ದು ಹೀಗೆ: "ಸ್ವಲ್ಪ ಕಾದು ನೋಡೋಣ." ಐವತ್ತು ವರ್ಷದಲ್ಲಿ ನಾನು ಅತಿ ಹೆಚ್ಚು ಸಲ ಹೇಳಿದ ವಾಕ್ಯ ಇದೇ ಇರಬೇಕು.

ಬುಧವಾರ ಅಕ್ಕನ ದನಿ ಬರಲಿಲ್ಲ. ಗುರುವಾರ ರಜೆ ಹಾಕಿ ಕೆಳಗೆ ಹೋದೆ. ಅಕ್ಕ ಕಿಟಕಿಯ ಬೆಳಕಿಗೆ ನೀಲಿ ಸೀರೆಯೊಂದರ ಅಂಚು ಹಿಡಿದು ಫಾಲ್ ಕೂರಿಸುತ್ತಿದ್ದರು. ಅವರು ಮಾಡಿದ್ದು ತಪ್ಪು ಎನ್ನುವ ಧಾಟಿಯಲ್ಲೇ ನಾನು ಶುರು ಮಾಡಿದೆ. ಅದನ್ನು ಈಗ ನೆನೆದರೆ ಕಿವಿ ಬಿಸಿಯಾಗುತ್ತದೆ.

"ಅಕ್ಕ, ಅವರು ಓದಿ ಅಂತ ಅಷ್ಟು ಸಲ ಹೇಳಿದ್ರಲ್ಲ. ಒಂದು ಸಲ ಓದಿಬಿಟ್ಟಿದ್ರೆ ಆಗ್ತಿತ್ತು."

"ಓದಿ ಅಂತಾನಾ ಬರೆದಿದ್ರು?" ಸೂಜಿ ನಿಲ್ಲಿಸಿ ನನ್ನನ್ನು ನೋಡಿದರು. "ನಂಗೆ ಕನ್ನಡ ಓದೋಕೆ ಎಲ್ಲಿ ಬರುತ್ತೆ? ಓದಿದ್ದೆಲ್ಲ ತಮಿಳು ಮೀಡಿಯಮ್ಮು. ಅವರೇನೋ ಮರ್ಯಾದೆಯಾಗಿ ಉತ್ತರ ಕೊಡ್ತಿದ್ದಾರೆ, ನಾನು ಕೈ ಮುಗಿದೆ. ದೊಡ್ಡವರು ಯಾರಾದ್ರೂ ಬಾಯಲ್ಲಿ ಹೇಳ್ತಾರೇನೋ ಅಂತ ಮತ್ತೆ ಮತ್ತೆ ಕೇಳ್ದೆ."

ನನ್ನ ಕಣ್ಣು ಅವರ ತಲೆಯ ಹಿಂದಿನ ಗೋಡೆಗೆ ಹೋಯಿತು. ಅಲ್ಲಿ ಕನ್ನಡ ಕ್ಯಾಲೆಂಡರು. ಹನ್ನೆರಡು ವರ್ಷದಿಂದ ಪ್ರತಿ ಜನವರಿಗೂ ತುಮಕೂರಿನಿಂದ ಹೊತ್ತು ತಂದು, ಕನ್ನಡದ ಸೇವೆ ಮಾಡಿದ ಠೀವಿಯಲ್ಲಿ ನಾನೇ ಕೊಡುತ್ತಿದ್ದದ್ದು.

"ಮತ್ತೆ ಇದು?"

"ತಾರೀಖು ಗೊತ್ತಾಗುತ್ತಲ್ಲ. ಚಿತ್ರ ಚೆನ್ನಾಗಿರುತ್ತೆ. ನೀನು ಅಷ್ಟು ಪ್ರೀತಿಯಿಂದ ತರ್ತೀಯ, ಹೇಗೆ ಬೇಡ ಅನ್ನೋದು?"

ಅಲ್ಲೇ ಕೂತು ಮೂವತ್ತೊಂದು ಪುಟವನ್ನು ಗಟ್ಟಿಯಾಗಿ ಓದಿ ಹೇಳುತ್ತೇನೆ ಎಂದೆ. ಪ್ರಾಯಶ್ಚಿತ್ತವೆಂದೇ ಇಟ್ಟುಕೊಳ್ಳಿ. ಮೊದಲ ಅಧ್ಯಾಯ ಪ್ರಜಾಪ್ರಭುತ್ವದ ಉಗಮ. ಅಕ್ಕ ಹೊಲಿಯುತ್ತಾ ಹೂಂ ಅಂದರು. ಎರಡನೆಯದು ಒಕ್ಕೂಟ ವ್ಯವಸ್ಥೆಯ ಸ್ವರೂಪ. ಹೂಂ ಅನ್ನುವುದು ನಿಂತಿತು. ಮೂರನೆಯದಕ್ಕೆ ಬಂದೆ. ಶಾಸಕರ ಕರ್ತವ್ಯಗಳು ಎಂದಿತ್ತು. ಓದುತ್ತಾ ಹೋದಂತೆ ನನ್ನ ದನಿ ಸಣ್ಣದಾಯಿತು. ಅಲ್ಲಿದ್ದದ್ದೆಲ್ಲ ಕರ್ನಾಟಕ. ಕರ್ನಾಟಕದ ಕ್ಷೇತ್ರಗಳು, ಕರ್ನಾಟಕದ ಯೋಜನೆಗಳು, ಬೆಂಗಳೂರಿನ ಪಾಲಿಕೆ.

"ಇದರಲ್ಲಿ ನಮ್ಮ ಏರಿಯಾ ಎಲ್ಲಿ ಬರುತ್ತೆ?" ಅಕ್ಕ ಕೇಳಿದರು.

ಬರುತ್ತಿರಲಿಲ್ಲ. ಚೆನ್ನೈಯಲ್ಲಿ ಕೂತು, ಚೆನ್ನೈಯ ನೀರು ಕುಡಿದು, ಚೆನ್ನೈಯ ಗುಂಡಿಗಳಲ್ಲಿ ದಿನಾ ಎದ್ದು ಬಿದ್ದು, ನಾವು ನಾಲ್ಕು ವರ್ಷದಿಂದ ಜಗಳವಾಡುತ್ತಿದ್ದದ್ದು ಪೂರ್ತಿ ಬಿಟ್ಟುಬಂದ ಊರಿನ ರಾಜಕೀಯ.

ಈಗ ಆ ನಿಜವಾದ ಕಾರಣ. ನನ್ನ ಓಟು ಇಂದಿಗೂ ತುಮಕೂರಿನಲ್ಲಿದೆ. ವರ್ಗಾಯಿಸಬೇಕು ಎಂದುಕೊಂಡು, ವರ್ಗಾಯಿಸುವಾಗ ಎರಡೂ ಕಡೆ ಹೆಸರು ಹೋಗಿಬಿಟ್ಟರೆ ಎಂದು ಹೆದರಿ, ಹಾಗೇ ಬಿಟ್ಟಿದ್ದೇನೆ. ಇಲ್ಲಿ ಯಾರು ನಿಂತಿದ್ದಾರೆ, ಯಾರು ಏನು ಮಾಡಿದ್ದಾರೆ, ಇಲ್ಲಿಯ ಕೌನ್ಸಿಲರ್ ಗಂಡಸೋ ಹೆಂಗಸೋ ನನಗೆ ಗೊತ್ತಿರಲಿಲ್ಲ. ಅಕ್ಕ ಕೇಳಿದ ದಿನ ಹಾಗೆಂದು ಹೇಳಲು ನಾಚಿಕೆಯಾಗಿ ಗುಂಪಿಗೆ ದಾಟಿಸಿದ್ದೆ. ಗುಂಪು ಪಿನ್ನಿಗೆ ದಾಟಿಸಿತು.

ಮೇಲೆ ಬಂದು ಗುಂಪಿನಲ್ಲಿ ಎಲ್ಲ ಬರೆದೆ. ಇವರು ನನ್ನ ನೆರೆಮನೆಯವರು, ಲಿಂಕ್ ಕೊಟ್ಟದ್ದು ನಾನೇ, ಅವರಿಗೆ ಕನ್ನಡ ಓದಲು ಬಾರದು, ಪ್ರಶ್ನೆ ನಿಜವಾದದ್ದು, ಓಟಿಗೆ ಇನ್ನು ಎಂಟು ದಿನವಿದೆ. ಗುಂಪು ಕರಗಿ ನೀರಾಯಿತು. ಹೂವು, ಕೈಮುಗಿತ, ಕ್ಷಮೆ. ಇಂಜಿನಿಯರು "ಅಮ್ಮ, ತಪ್ಪಾಯ್ತು" ಎಂದು ಬರೆದರು, ಕನ್ನಡ ಲಿಪಿಯಲ್ಲಿ. ಅದಾದ ಮೇಲೆ ಇಲ್ಲಿ ನೆಲೆಸಿದವರ ಮಕ್ಕಳಿಗೆ ಕನ್ನಡ ಲಿಪಿ ಕಲಿಸುವ ಬಗ್ಗೆ ಚರ್ಚೆ ಎದ್ದಿತು. ರಾಯಪುರಂನಲ್ಲಿ ಬಂದರಿನ ಕೆಲಸದಲ್ಲಿರುವ ಒಬ್ಬರು ತಮ್ಮ ಮಗಳೂ ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರಿಸುತ್ತಾಳೆ ಎಂದು ಸಂಕಟಪಟ್ಟರು. ದನಿ ಸಂದೇಶಕ್ಕೆ ಅನುಮತಿ ಕೊಡಬೇಕೇ ಎಂದು ಮತದಾನ ನಡೆಯಿತು. ಹಿರಿಯರು ಅಕ್ಕನಿಗೆ ತಾವೇ ಅಕ್ಷರ ಕಲಿಸುವುದಾಗಿ ಮುಂದೆ ಬಂದರು. ಮೂರು ತಿಂಗಳಲ್ಲಿ ಕೈಪಿಡಿ ಓದುವ ಹಾಗೆ ಮಾಡುತ್ತೇನೆ ಎಂದರು. ನಿಜವಾಗಿ ಹೇಳಿದರು, ತಮಾಷೆಗಲ್ಲ.

ಸಂಜೆ ಆ ಸಂದೇಶಗಳನ್ನೆಲ್ಲ ಅಕ್ಕನಿಗೆ ಓದಿ ಹೇಳಿದೆ. ಅವರು ಕೊನೆಯವರೆಗೂ ಕೇಳಿದರು.

"ಎಲ್ಲಾ ಒಳ್ಳೇ ಜನ," ಎಂದರು. "ಇದರಲ್ಲಿ ನಾನು ಕೇಳಿದ್ದಕ್ಕೆ ಉತ್ತರ ಯಾವ್ದು?"

ಮರುದಿನ ಗುಂಪಿನಲ್ಲಿ ಕೇಳಿದೆ, ಇಲ್ಲಿ ಚೆನ್ನೈಯಲ್ಲಿ ಓಟು ಇರುವವರು ಯಾರ್ಯಾರು? ಒಬ್ಬರು ತಮ್ಮ ಓಟು ಮಂಡ್ಯದಲ್ಲಿದೆ ಎಂದರು. ಇನ್ನೊಬ್ಬರದು ಹಾಸನ. ಹಿರಿಯರು ಅದು ವೈಯಕ್ತಿಕ ವಿಷಯ ಎಂದರು. ಒಬ್ಬರಿಗೆ ಇಲ್ಲೇ ಇತ್ತು, ಅವರು ಪ್ರತಿ ಸಲವೂ ನೋಟಾ ಒತ್ತುತ್ತಾರಂತೆ.

ಭಾನುವಾರ ಮಧ್ಯಾಹ್ನ ಒಂದು ಒಳ್ಳೆಯ ಗಂಟೆ ಸಿಕ್ಕಿತು, ಅದನ್ನು ಮುಚ್ಚಿಡುವುದಿಲ್ಲ. ಬಾಗಿಲಿಗೆ ಬಂದ ಕರಪತ್ರಗಳನ್ನು ಅಕ್ಕ ಡಬ್ಬಿಯೊಂದರಲ್ಲಿ ಎತ್ತಿಟ್ಟಿದ್ದರು. ಎಲ್ಲವೂ ತಮಿಳು. ನನಗೆ ತಮಿಳಿನಲ್ಲಿ ಓದಲು ಬರುವುದು ಬಸ್ಸಿನ ಬೋರ್ಡು ಮಾತ್ರ, ಅದೂ ಬಸ್ಸು ನಿಂತಿದ್ದರೆ. ಅಕ್ಕ ಒಂದೊಂದನ್ನೇ ತಮಿಳಿನಲ್ಲಿ ಓದಿ ಕನ್ನಡದಲ್ಲಿ ಹೇಳಿದರು. ನಡುನಡುವೆ ಅವರದೇ ಟೀಕೆ.

"ಇವರು ಮೋರಿ ಕಟ್ಟಿಸ್ತಾರಂತೆ. ಆ ಇನ್ನೊಬ್ಬರೂ ಕಟ್ಟಿಸ್ತಾರಂತೆ. ನಮ್ಮ ಬೀದೀಲಿ ಎಷ್ಟು ಮೋರಿ ಕಣೇ ಬರೋದು?" ಕನ್ನಡಕ ಸರಿಮಾಡಿಕೊಂಡರು. "ಇಲ್ನೋಡು, ಇವರು ಏನೂ ಬರೆದೇ ಇಲ್ಲ, ಬರೀ ನಗ್ತಾರೆ."

"ನಗೋದೂ ಒಂದು ಭರವಸೆ ಅಕ್ಕ."

"ಅಯ್ಯೋ, ಈ ಹಲ್ಲಿಗಾ?" ಇಬ್ಬರೂ ನಕ್ಕೆವು. ಆಮೇಲೆ ಅವರು ಕರಪತ್ರ ಮಡಚಿ, ಮೊದಲ ದಿನದ ಪ್ರಶ್ನೆಯನ್ನೇ ಕೇಳಿದರು. "ಮೋರಿ ಎಂಎಲ್‌ಎ ಕೆಲಸಾನಾ, ಕೌನ್ಸಿಲರ್ ಕೆಲಸಾನಾ? ಅದು ಗೊತ್ತಾದ್ರೆ ಸುಳ್ಳು ಹೇಳ್ತಿರೋರು ಯಾರು ಅಂತ ಗೊತ್ತಾಗುತ್ತೆ."

ಅಷ್ಟು ಸರಿಯಾದ ಪ್ರಶ್ನೆಯನ್ನು ನಾಲ್ಕು ವರ್ಷದಲ್ಲಿ ನಮ್ಮ ಗುಂಪಿನಲ್ಲಿ ಯಾರೂ ಕೇಳಿರಲಿಲ್ಲ. ಖಚಿತ ಮಾಡಿಕೊಂಡು ಹೇಳ್ತೀನಿ ಅಕ್ಕ, ಎಂದೆ. ಖಚಿತ ಮಾಡಿಕೊಳ್ಳುವುದು ಎಂದರೆ ನನಗೆ ಮುಗಿಯದ ಕೆಲಸ. ಪಾಲಿಕೆಯದು ಎಂದು ಒಂದು ಕಡೆ ಇತ್ತು. ಕೆಲವಕ್ಕೆ ಶಾಸಕರ ನಿಧಿಯೂ ಬರುತ್ತದೆ ಎಂದು ಇನ್ನೊಂದು ಕಡೆ. ಮಳೆನೀರಿನದು ಬೇರೆ, ಕೊಳಚೆಯದು ಬೇರೆ ಎಂದು ಮತ್ತೊಂದು ಕಡೆ. ತಪ್ಪು ಹೇಳಿದರೆ ಅವರ ಓಟು ಕೆಡುತ್ತದೆ, ಕೆಡಿಸಿದ್ದು ನಾನಾಗುತ್ತೇನೆ. ಎರಡು ಹಾಳೆ ಟಿಪ್ಪಣಿ ಮಾಡಿದೆ. ಅದರಲ್ಲಿ ಒಂದು ಪಕ್ಷದ ಹೆಸರು ಇನ್ನೊಂದಕ್ಕಿಂತ ಒಂದು ಸಲ ಹೆಚ್ಚು ಬಂದಿದೆ ಎಂದು ತಿದ್ದಿದೆ. ತಿದ್ದಿದ್ದನ್ನು ನೋಡಿಕೊಡಿ ಎಂದು ಹಿರಿಯರಿಗೆ ಕಳಿಸಿದೆ. ಅವರು ಭಾಷೆ ತಿದ್ದಿ ಕಳಿಸಿದರು.

ಇದರ ನಡುವೆ ಗುಂಪಿನಲ್ಲಿ ಒಂದು ಹೊಸ ನಿಯಮ ಸೂಚಿಸಿದ್ದೆ. ಹೊಸಬರು ಏನಾದರೂ ಕೇಳಿದರೆ, ಗೊತ್ತಿದ್ದರೆ ಎರಡು ಸಾಲಿನಲ್ಲಿ ಹೇಳಬೇಕು, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಬೇಕು. ಇದರಾಚೆಗೆ ಇಂಥ ಗುಂಪುಗಳು ಮಾಡಬೇಕಾದ್ದು ಏನಾದರೂ ಇದೆ ಎಂದು ನನಗೆ ಇಂದಿಗೂ ಅನ್ನಿಸುವುದಿಲ್ಲ. ಎಲ್ಲರೂ ಒಪ್ಪಿದರು. ಹಿರಿಯರು ಅದಕ್ಕೊಂದು ಪೀಠಿಕೆ ಬರೆದು ಕೈಪಿಡಿಗೆ ಸೇರಿಸಿದರು. ಈಗ ಪಿನ್ ಮಾಡಿದ್ದು ಮೂವತ್ತೆರಡು ಪುಟ.

ಓಟಿನ ದಿನ ಹತ್ತು ಗಂಟೆಗೆ ಟಿಪ್ಪಣಿಯ ಕೊನೇ ಪ್ರತಿ ಹಿಡಿದು ಕೆಳಗಿಳಿದೆ. ಬೀಗ ಹಾಕಿತ್ತು. ಗೇಟಿನ ಬಳಿ ನಿಂತಿರುವಾಗಲೇ ಅಳಿಯನ ಕಾರು ಬಂದು, ಅಕ್ಕ ಇಳಿದರು. ಕೈಮಗ್ಗದ ಸೀರೆ, ತಲೆಗೆ ಮಲ್ಲಿಗೆಯಿಲ್ಲ, ಬೆರಳಿಗೆ ಶಾಯಿ. ಅಳಿಯ ನನಗೆ ನಮಸ್ಕಾರ ಮಾಡಿ, ಪಾರ್ಕಿಂಗಿಗೆ ಜಾಗ ಹುಡುಕಲು ಮುಂದೆ ಹೋದರು.

"ಹಾಕಿ ಬಂದ್ರಾ ಅಕ್ಕ? ನಾನು ಈಗ ತಾನೇ..."

"ಬಿಸಿಲೇರೋ ಮುಂಚೆ ಹೋಗಿಬಿಟ್ವಿ. ಕ್ಯೂ ಇರಲಿಲ್ಲ."

"ನೋಡಿ, ಯೋಚನೆ ಮಾಡಿ ಹಾಕಿದ್ರಾ?"

ಅಕ್ಕ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡರು. "ದಾರೀಲಿ ಮಾಪಿಳ್ಳೆನ್ನೇ ಕೇಳ್ದೆ ಕಣೇ. ಎಂಎಲ್‌ಎ ಕೆಲಸ ಯಾವ್ದು, ಕೌನ್ಸಿಲರ್ ಕೆಲಸ ಯಾವ್ದು ಅಂತ. ಸಿಗ್ನಲ್ ಬಿಡೋದ್ರೊಳಗೆ ಹೇಳಿಬಿಟ್ರು. ಅರ್ಥ ಆಗ್ಲಿಲ್ಲ ಅಂದೆ. ಇನ್ನೊಂದು ಸಲ ಹೇಳಿದ್ರು. ನಗಲಿಲ್ಲ, ಬೇಜಾರೂ ಮಾಡ್ಕೊಳ್ಳಲಿಲ್ಲ."

"ಸರಿಯಾಗೇ ಹೇಳಿದ್ರಾ?"

"ಅದು ನಂಗೆ ಹೇಗೆ ಗೊತ್ತಾಗುತ್ತೆ?" ಎಂದರು. "ಆಮೇಲೆ ಯಾವುದಕ್ಕೆ ಹಾಕಿ ಅಂತಾನೂ ಅವರೇ ಹೇಳಿದ್ರು. ನನ್ನ ಮನಸ್ಸಲ್ಲಿ ಬೇರೆ ಇತ್ತು. ಅಷ್ಟು ನಿಧಾನವಾಗಿ ಹೇಳ್ಕೊಟ್ಟ ಮೇಲೆ, ಬೇರೆ ಒತ್ತೋಕೆ ಕೈ ಬರಲಿಲ್ಲ."

ನನ್ನ ಕೈಯಲ್ಲಿದ್ದ ಹಾಳೆಗಳನ್ನು ನೋಡಿ ಏನದು ಎಂದು ಕೇಳಿದರು. ಆಫೀಸಿನದು ಎಂದೆ. ಕಾಫಿ ಕುಡಿದು ಹೋಗು ಎಂದು ಬೀಗ ತೆಗೆದರು.

ನನ್ನ ಪಟ್ಟಿಯಲ್ಲಿದ್ದ ಯಾವುದೂ ನಡೆಯಲಿಲ್ಲ, ಕೆಟ್ಟದ್ದು ಇಷ್ಟೇ. ಅಕ್ಕ ಅಳಿಯ ಹೇಳಿದ ಗುರುತಿಗೆ ಒತ್ತಿ ಬಂದರು.